ರಜೆಗೆ ತಂದ ಹನ್ನೆರಡು ದೀಪಗಳು

ಗಡಿಯಾರದ ಅಂಗಡಿಯಿಂದ
ಗುರುವಾರ, ಬೆಳಿಗ್ಗೆ ಹತ್ತೂವರೆ

ಮಗಳಂಥ ಸೊಸೆಗೆ,

ನಿನ್ನ ಮಾವ ಮಾಡುವ ಆಶೀರ್ವಾದ. ಇದನ್ನು ತೆಗೆದುಕೊಳ್ಳುವುದೋ ಬಿಡುವುದೋ ಪೂರ್ತಿ ಓದಿದ ಮೇಲೆ ನೀನೇ ತೀರ್ಮಾನಿಸು. ನಾನು ಇಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ. ಬರೆದರೆ ಮೊದಲ ಸಾಲಿನಲ್ಲೇ ಸುಳ್ಳು ಶುರುವಾಗುತ್ತದೆ, ಬೇಡ.

ಫೋನಿನಲ್ಲೇ ಹೇಳಬೇಕೆಂದು ಮೂರು ಸಲ ಪ್ರಯತ್ನಪಟ್ಟೆ. ನೀನು 'ಹೇಳಿ ಮಾವ' ಎಂದ ಕೂಡಲೇ ಬೇರೇನೋ ಕೇಳಿಬಿಡುತ್ತಿದ್ದೆ. ಮೊನ್ನೆಯಂತೂ ಮಗು ಊಟ ಮಾಡಿತಾ ಎಂದು ಕೇಳಿ ಇಟ್ಟುಬಿಟ್ಟೆ. ಹೊಟ್ಟೆಗೆ ನಳಿಗೆ ಹಾಕಿಸಿಕೊಂಡ ಮಗುವಿನ ಬಗ್ಗೆ ತಾತನಾದವನು ಕೇಳಿದ ಪ್ರಶ್ನೆ ಅದು. ಆ ಕಡೆ ನೀನು 'ಆಯ್ತು ಮಾವ' ಎಂದೆ. ನೀನು ಬೈದಿದ್ದರೆ ಸುಲಭವಾಗುತ್ತಿತ್ತು.

ಇಂಥ ಪತ್ರಕ್ಕೆ ಇಂಗ್ಲಿಷೇ ಸರಿ ಎನಿಸಿತ್ತು ನನಗೆ. ಎರಡು ವರ್ಷ ಕಾಲೇಜು ಓದಿದವನಲ್ಲವೇ, ನಮ್ಮ ಇಂಗ್ಲಿಷ್ ಮೇಷ್ಟ್ರು ರಜಾ ಅರ್ಜಿ, ಕ್ಷಮಾಪಣೆ, ಸಂತಾಪ ಮೂರನ್ನೂ ಬಾಯಿಪಾಠ ಮಾಡಿಸಿದ್ದರು. 'ಐ ಬೆಗ್ ಟು ಸ್ಟೇಟ್ ದಟ್' ಎಂದು ಶುರುಮಾಡ್ರೋ, ಉಳಿದದ್ದು ತಾನಾಗಿ ಬರುತ್ತೆ ಎನ್ನುತ್ತಿದ್ದರು. ಬೆಳಿಗ್ಗೆಯಿಂದ ಮೂರು ಹಾಳೆಯ ಮೇಲೆ ಅಷ್ಟನ್ನು ಬರೆದು ಕೂತೆ. ಉಳಿದದ್ದು ಬರಲಿಲ್ಲ. ಬೆಗ್ ಮಾಡುವುದು ಸುಲಭ, ಸ್ಟೇಟ್ ಮಾಡುವುದೇ ಕಷ್ಟ. ಗಿರಾಕಿಗಳು ಬಂದರೆ ನಾಳೆ ಬನ್ನಿ ಎಂದು ಕಳಿಸುತ್ತಿದ್ದೇನೆ. ಒಬ್ಬ ಮುದುಕ, ನನಗಿಂತ ಮುದುಕ, ಕೈಗಡಿಯಾರಕ್ಕೆ ಪಟ್ಟಿ ಹಾಕಿಸಿಕೊಳ್ಳದೆ ಏಳುವುದಿಲ್ಲ ಎಂದು ಸ್ಟೂಲಿನ ಮೇಲೇ ಕೂತಿದ್ದ. ಅವನನ್ನು ಸಾಗಹಾಕುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ನನಗೂ ಅದೇ ಬೇಕಾಗಿತ್ತೇನೋ.

ವಿಷಯಕ್ಕೆ ಬರುತ್ತೇನೆ. ನಿನ್ನೆ ನಿಮ್ಮಮ್ಮ ಫೋನ್ ಮಾಡಿದ್ದರು. ಭಾನುವಾರ ಎರಡೂ ಮನೆಯವರು ಕೂತು ಮಾತಾಡುವ ಮುಂಚೆಯೇ ನೀನು ಒಪ್ಪಿಕೊಂಡುಬಿಟ್ಟೆಯಂತೆ. ಮಗುವನ್ನು ನನ್ನ ದೊಡ್ಡ ಮಗಳ ಮನೆಯಲ್ಲಿ ಬಿಡುವುದು, ನೀನು ವಾರಕ್ಕೊಮ್ಮೆ ಹೋಗಿ ನೋಡಿಕೊಂಡು ಬರುವುದು ಎಂದು. ನನ್ನ ಮಗ ಸಿಟ್ಟಿನಲ್ಲಿ ಅವಳ ಕೈಗೆ ಮಗು ಕೊಡಲ್ಲ ಎಂದದ್ದು ನನಗೆ ಗೊತ್ತು. ಆದರೆ ನೀನು ಕೂಡ 'ಅವರು ಹೇಳೋದು ಸರಿಯಮ್ಮ, ನನ್ನ ಕೈಯೇ ಸರಿ ಇಲ್ಲ' ಎಂದೆಯಂತೆ. ನಿಮ್ಮಮ್ಮ ಅಳುತ್ತಿದ್ದರು.

ನಿನ್ನ ಕೈ ಸರಿಯಾಗಿದೆ. ಅದನ್ನು ಹೇಳಲಿಕ್ಕೇ ಈ ಕಾಗದ.

ಆ ನಾಲ್ಕು ದಿನದ ರಜೆಯನ್ನು ಮೊದಲಿನಿಂದ ಹೇಳಬೇಕು, ಇಲ್ಲವಾದರೆ ನನಗೆ ಸರಿಯಾಗಿ ಬರುವುದಿಲ್ಲ. ಲಿಫ್ಟ್ ರಿಪೇರಿ ಮಾಡುವವನಿಗೆ ವರ್ಷದ ಕೊನೆಯ ರಜೆ ಸಿಗುವುದೆಂದರೇನು ಎಂದು ನಿನಗೆ ಹೇಳಬೇಕಾಗಿಲ್ಲ. ಜನ ರಜೆಯಲ್ಲೇ ಹತ್ತಿಳಿಯುತ್ತಾರೆ, ರಜೆಯಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಮಗು ಹುಟ್ಟಿದ ಮೇಲೆ ನನ್ನ ಮಗನಿಗೆ ಸಿಕ್ಕ ಮೊದಲ ರಜೆ. ಮೊದಲ ದಿನವೇ ಅವನು ಆಫೀಸಿನ ಫೋನನ್ನು ಸಕ್ಕರೆ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿ, ಯಾರು ಎಲ್ಲಿ ಬೇಕಾದರೂ ನೇತಾಡಲಿ ಎಂದ. ನೀನು ಬಣ್ಣದ ಕಾಗದ ಕತ್ತರಿಸಿ ಸರ ಮಾಡಿದೆ, ಅವನು ಏಣಿ ಇಲ್ಲದೆ ಕಿಟಕಿ ಹತ್ತಿ ಕಟ್ಟಿದ. ನಮ್ಮ ಮೇಡಂ ಅವರು ನೆಲದ ಮೇಲೆ ಕೂತು, ಕೈಲಿದ್ದ ಚಮಚದಿಂದ ತಟ್ಟೆ ಕುಟ್ಟುತ್ತ, ಕೆಲಸ ನಡೆಯುತ್ತಿದೆಯೋ ಇಲ್ಲವೋ ಎಂದು ನೋಡಿಕೊಂಡರು. ಆ ಹೆಸರು ನಾನಿಟ್ಟದ್ದು. ವರ್ಷದ ಮಗುವಿಗೆ ಅಷ್ಟು ಗತ್ತು ಎಲ್ಲಿಂದ ಬಂತೋ. ಫೋಟೋ ತೆಗೆಯಲು ಆರು ಸಲ ನಿಂತೆವು, ಆರು ಸಲವೂ ಸರಿಯಾದ ಹೊತ್ತಿಗೆ ಕಣ್ಣು ಮುಚ್ಚಿದರು. ಕೇಕನ್ನು ಬಾಯಿಗಿಂತ ಹಣೆಗೆ ಹೆಚ್ಚು ತಿನ್ನಿಸಿದರು. ನಿನ್ನ ಅತ್ತೆ ಇದ್ದಿದ್ದರೆ ಎಂದು ಆ ದಿನ ಒಂದೇ ಒಂದು ಸಲ ಅಂದುಕೊಂಡೆ. ಅವಳು ಹೋದ ಮೇಲೆ ಆ ಮನೆಯಲ್ಲಿ ನಾನು ನಕ್ಕದ್ದು ಅದೇ ಮೊದಲು.

ಮಾರನೆಯ ದಿನ ಬೀದಿ ಸುತ್ತಲು ಹೋದಾಗ ನೀವು ದೀಪ ತಂದಿರಿ. ಪಕ್ಕದ ಮನೆಯವರ ಮೇಜಿನ ಮೇಲೆ ಉರಿಯುತ್ತಿದ್ದ ಮೇಣದಬತ್ತಿಗೆ ಮಗು ಕೈ ಚಾಚಿದ್ದನ್ನು ನೋಡಿ ನೀನು ಹೆದರಿದ್ದೆ. ಬೆಂಕಿ ಬೇಡವೇ ಬೇಡ ಎಂದು ಹುಡುಕಿ, ಫುಟ್‌ಪಾತಿನವನ ಹತ್ತಿರ ಮೇಣದಬತ್ತಿಯ ಹಾಗೆ ಕಾಣುವ ಪ್ಲಾಸ್ಟಿಕ್ ದೀಪ ಒಂದು ಡಜನ್ ತಂದೆ. ಒಳಗೆ ಚಪ್ಪಟೆ ಸೆಲ್ಲು, ತಳದಲ್ಲಿ ಪುಟ್ಟ ಮುಚ್ಚಳ, ಅದಕ್ಕೊಂದು ಸ್ಕ್ರೂ. ಮಗುವಿನ ಕೈ ಸುಡದಿರಲಿ ಎಂದು ತಂದ ದೀಪ. ಈಗ ಎಲ್ಲರೂ ಅದನ್ನೇ ಮರೆತಿದ್ದಾರೆ. ಆಸ್ಪತ್ರೆಯ ವರಾಂಡದಲ್ಲಿ ನನ್ನ ಮಗ ಜನರೆದುರಿಗೆ ನಿನ್ನನ್ನು ಕೇಳಿದನಲ್ಲ, 'ಔಷಧಿ ಅಂಗಡೀಲಿ ಕೂತೋಳಿಗೆ ಇಂಥ ಸಾಮಾನು ಮಗು ಹತ್ರ ಇಡಬಾರದು ಅಂತ ಗೊತ್ತಾಗಲಿಲ್ವಾ?' ಎಂದು. ನೀನು ತಲೆ ತಗ್ಗಿಸಿದೆ. ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಅವನ ತೋಳು ಹಿಡಿದುಕೊಂಡು, ಇರಲಿ ಬಿಡು ಎಂದೆ. ಇರಲಿ ಬಿಡು! ಅಷ್ಟು ದೊಡ್ಡ ಮನಸ್ಸು ನನ್ನದು.

ಆ ದೀಪದ ಮುಚ್ಚಳ ತಾನಾಗಿ ಬಿಚ್ಚಿಕೊಂಡದ್ದಲ್ಲ. ಕಳಪೆ ಸಾಮಾನು ಎಂದು ಎಲ್ಲರೂ ಹೇಳಿದರು, ನಾನೂ ಹೌದೆಂದೆ. ಸಾಮಾನು ಚೆನ್ನಾಗಿಯೇ ಇತ್ತು. ಬಿಚ್ಚಿದವನು ನಾನು.

ಮೂರನೆಯ ದಿನ ಬೆಳಿಗ್ಗೆ ಹನ್ನೆರಡರಲ್ಲಿ ಮೂರು ದೀಪ ಮಂಕಾಗಿದ್ದವು. ಸಂಜೆ ದೊಡ್ಡ ಮಗಳ ಮನೆಯವರು ಬರುವವರಿದ್ದರು. ನನ್ನ ಮಗ ಸಾಮಾನು ತರಲು ಹೋಗಿದ್ದ, ನೀನು ಅಡುಗೆಮನೆಯಲ್ಲಿದ್ದೆ. ಮಾವ, ಅರ್ಧ ಗಂಟೆ ಇವಳನ್ನು ನೋಡಿಕೊಳ್ತೀರಾ ಎಂದು ಕೇಳಿ ನನ್ನ ಮುಂದೆ ಚಾಪೆಯ ಮೇಲೆ ಕೂರಿಸಿ ಹೋದೆ. ನಾನು ಸುಮ್ಮನೆ ಕೂರುವವನಲ್ಲವಲ್ಲ. ಸಣ್ಣ ಸ್ಕ್ರೂ ಕಂಡರೆ ನನ್ನ ಬೆರಳು ನಿಲ್ಲುವುದಿಲ್ಲ. ಹನ್ನೆರಡನ್ನೂ ಬಿಚ್ಚಿ ಸೆಲ್ಲುಗಳನ್ನು ಒಂದು ಡಬ್ಬಿಯ ಮುಚ್ಚಳದಲ್ಲಿ ಹಾಕಿಕೊಂಡೆ.

ಅಂಗಡಿಯಲ್ಲಿ ಸೆಲ್ಲು ನೋಡಲು ಮೀಟರು ಇದೆ. ಎರಡು ಬೀದಿ ದಾಟಿದರೆ ಅಂಗಡಿ. ಆದರೆ ನನಗೆ ಮೀಟರು ಬರುವ ಮುಂಚಿನ ಅಭ್ಯಾಸ ಒಂದಿದೆ. ಸೆಲ್ಲನ್ನು ನಾಲಗೆಯ ತುದಿಗೆ ಇಟ್ಟು ನೋಡುವುದು. ಚುರ್ ಎಂದರೆ ಜೀವ ಇದೆ, ಸಪ್ಪೆ ಎಂದರೆ ಸತ್ತಿದೆ. ನನ್ನ ಅಪ್ಪ ಹಾಗೇ ನೋಡುತ್ತಿದ್ದ, ನಾನೂ ಕಲಿತೆ. ನಿನ್ನ ಅತ್ತೆ ಇದಕ್ಕೇ ನನ್ನನ್ನು ಬೈಯುತ್ತಿದ್ದದ್ದು, ಊರವರ ಗಡಿಯಾರವನ್ನೆಲ್ಲ ನೆಕ್ಕುವ ಗಂಡ ನನಗೇ ಗಂಟು ಬೀಳಬೇಕಿತ್ತಾ ಎಂದು. ವೆರಿ ಬ್ಯಾಡ್ ಹ್ಯಾಬಿಟ್ ಎಂದು ನಾನೂ ಒಪ್ಪಿಕೊಳ್ಳುತ್ತಿದ್ದೆ, ಬಿಡುತ್ತಿರಲಿಲ್ಲ.

ಮೊದಲ ಸೆಲ್ಲನ್ನು ನಾಲಗೆಗೆ ಇಟ್ಟಾಗ ಮೇಡಂ ಅವರು ನನ್ನನ್ನೇ ನೋಡುತ್ತಿದ್ದರು. ಚುರ್ ಎಂದಿತು, ನಾನು ಮುಖ ಹಿಂಡಿ ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದೆ. ಅವರಿಗೆ ನಗು ಬಂತು. ಎಂಥ ನಗು ಅಂದರೆ ಕೂತಲ್ಲೇ ಹಿಂದಕ್ಕೆ ವಾಲಿಬಿಟ್ಟರು. ಅಡುಗೆಮನೆಯಿಂದ ನೀನು, ಏನು ತಾತ ಮೊಮ್ಮಗಳದು ಅಷ್ಟೊಂದು ಎಂದು ಕೂಗಿ ಕೇಳಿದ್ದು ನೆನಪಿದೆಯಾ? ಆ ನಗು ಇದೇ. ನಾನು ಇನ್ನೊಂದನ್ನು ಇಟ್ಟೆ, ಇನ್ನಷ್ಟು ಮುಖ ಹಿಂಡಿದೆ. ಪರೀಕ್ಷೆ ಮಾಡಬೇಕಾದದ್ದು ಮೂರನ್ನು, ನಾನು ಹನ್ನೆರಡನ್ನೂ ಮಾಡಿದೆ. ಸತ್ತವನ್ನೂ ಚುರ್ ಎಂದ ಹಾಗೆ ನಟಿಸಿದೆ. ಅವಳ ನಗು ನಿಲ್ಲಬಾರದು ಎಂದು. ಅವಳು ತನ್ನ ನಾಲಗೆಯನ್ನೂ ಹೊರಗೆ ಚಾಚಿ ನನ್ನ ಹಾಗೆ ತಲೆ ಅಲ್ಲಾಡಿಸಿದಳು. ಭಲೇ ಎಂದು ನಾನು ಚಪ್ಪಾಳೆ ತಟ್ಟಿದೆ.

ನಾನು ಅವಳಿಗೆ ಕಲಿಸಿದೆನಮ್ಮ. ದುಂಡಗೆ ಹೊಳೆಯುವುದು ಸಿಕ್ಕಿದರೆ ನಾಲಗೆಯ ಮೇಲೆ ಇಡಬೇಕೆಂದು ನಾನು ಪಾಠ ಹೇಳಿಕೊಟ್ಟೆ.

ಆಮೇಲೆ ಸೆಲ್ಲುಗಳನ್ನು ಹಾಕಿ ಮುಚ್ಚಿದೆ. ಒಂದರ ಸ್ಕ್ರೂ ಎಲ್ಲೋ ಉರುಳಿತ್ತು, ಹಾಗೇ ಒತ್ತಿ ಕೂರಿಸಿದೆ. ಹನ್ನೆರಡನ್ನೂ ತಗ್ಗು ಮಣೆಯ ಮೇಲೆ ಸಾಲಾಗಿ ಇಟ್ಟೆ. ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಮಗು ನಿನ್ನ ಹತ್ತಿರ ಆ ಮಣೆಯ ಪಕ್ಕ ಆಡುತ್ತಿತ್ತಲ್ಲ, ಆಗ ಆ ಸ್ಕ್ರೂ ಇಲ್ಲದ ದೀಪ ಅದರ ಕೈಗೆ ಸಿಕ್ಕಿರಬೇಕು. ಡಾಕ್ಟರು ಕೇಳಿದಾಗ ನೀನು ಅದನ್ನೇ ಹೇಳಿದೆ. 'ನನ್ನ ಕಣ್ಣೆದುರಿಗೇ ಇದ್ದಳು, ನಾನು ಗಮನಿಸಲಿಲ್ಲ' ಎಂದೆ ನೀನು. ಊಟ ಬೇಡವೆಂದು ಮುಖ ತಿರುಗಿಸಿದಾಗ, ಜೊಲ್ಲು ಸುರಿಸಿದಾಗ, ಹಲ್ಲು ಬರುತ್ತಿರಬೇಕು ಎಂದವನು ನಾನು. ನಾಲ್ಕು ಗಂಟೆಗೆ ವಾಂತಿಯಲ್ಲಿ ರಕ್ತದ ಎಳೆ ಕಂಡಾಗ ಬರಿಗಾಲಲ್ಲಿ ಆಸ್ಪತ್ರೆಗೆ ಓಡಿದವಳು ನೀನು. ಎಕ್ಸ್‌ರೇಯಲ್ಲಿ ಸೆಲ್ಲು ಕುತ್ತಿಗೆಯ ಕೆಳಗೆ, ಅನ್ನನಾಳವನ್ನು ಸುಡುತ್ತ, ಬೆಳ್ಳಗೆ ಕೂತಿತ್ತು. ಅದನ್ನು ನೋಡಿದಾಗಲೇ ನನಗೆ ಗೊತ್ತಾದದ್ದು.

ಹೋದ ವಾರ ನಿಮ್ಮಮ್ಮನ ಮನೆಗೆ ನಿಮ್ಮಿಬ್ಬರನ್ನು ನೋಡಲು ಬಂದಾಗ ಮಗು ಅತ್ತಿತು. ಬಾಯಿ ತೆರೆದಿತ್ತು, ಮುಖ ಕೆಂಪಾಗಿತ್ತು, ಕಣ್ಣೀರು ಇಳಿಯುತ್ತಿತ್ತು, ಸದ್ದು ಮಾತ್ರ ಇರಲಿಲ್ಲ. ಧ್ವನಿ ಬಂದರೂ ಬರಬಹುದು, ವರ್ಷ ನೋಡಬೇಕು ಎನ್ನುತ್ತಾರೆ. ಸದ್ದಿಲ್ಲದ ಅಳುವಿಗೆ ನೀನು ಹೇಗೆ ಎಚ್ಚರಗೊಳ್ಳುತ್ತೀಯೋ ಎಂದು ನಿಮ್ಮಮ್ಮನನ್ನು ಕೇಳಿದೆ. ಅವಳು ಮಲಗಿದರೆ ತಾನೇ ಎಚ್ಚರಗೊಳ್ಳೋದು ಎಂದರು. ಇಂಥವಳ ಕೈಯಿಂದ ಮಗುವನ್ನು ಕಿತ್ತು ನನ್ನ ದೊಡ್ಡ ಮಗಳಿಗೆ ಕೊಡಲು ಹೊರಟಿದ್ದೇವೆ. ಅವಳು ಒಳ್ಳೆಯವಳೇ, ಆದರೆ ನಳಿಗೆಯಲ್ಲಿ ಹಾಲು ಬಿಡಲು ಅವಳಿಗೆ ಬರುವುದಿಲ್ಲ.

ಇಪ್ಪತ್ತಾರು ದಿನ ಯಾಕೆ ಬಾಯಿಬಿಡಲಿಲ್ಲ ಎಂದು ಕೇಳುತ್ತೀಯ. ಹೆದರಿಕೆ, ಅಷ್ಟೇ. ಮಗನೊಬ್ಬನೇ ಈಗ ನನ್ನ ಜೊತೆ ಇರುವುದು. ಸಂಜೆ ಬಂದು ಎದುರಿಗೆ ಕೂತು ತಟ್ಟೆಯಲ್ಲಿ ಬೆರಳಾಡಿಸುತ್ತ, 'ನೀವಾದ್ರೂ ನೋಡ್ಕೋಬಾರದಿತ್ತಾ ಅಪ್ಪ?' ಎಂದು ಒಂದು ದಿನ ಕೇಳಿದ. ಕೇಳಿದವನೇ, ಪಾಪ ನಿಮ್ಮನ್ಯಾಕೆ ಅಂತೀನಿ ಎಂದು ತಾನೇ ಸಮಾಧಾನ ಮಾಡಿದ. ಆ ಸಮಾಧಾನ ನನಗೆ ಬೇಕಾಗಿತ್ತು. ಅದನ್ನು ನಿನ್ನ ಪಾಲಿನಿಂದ ಕಿತ್ತುಕೊಂಡು ತಿಂದೆ.

ಭಾನುವಾರ ಎಲ್ಲರ ಮುಂದೆ ಇದನ್ನು ನಾನೇ ಹೇಳುತ್ತೇನೆ. ಹೇಳುತ್ತೇನೆ ಎಂದು ಬರೆಯುವಾಗಲೇ ನನ್ನ ಮೇಲೆ ನನಗೆ ನಂಬಿಕೆ ಇಲ್ಲ. ಎಲ್ಲರೂ ಕೂತು, ಕಾಫಿ ಬಂದು, ಹಿರಿಯರು ನೀವು ಹೇಳಿ ಎಂದರೆ ನಾನು ಮತ್ತೆ ಮಗು ಊಟ ಮಾಡಿತಾ ಎಂದೇ ಕೇಳಿಯೇನು. ಅದಕ್ಕೇ ಈ ಕಾಗದವನ್ನು ಕೊರಿಯರ್‌ನಲ್ಲಿ ಕಳಿಸುತ್ತಿದ್ದೇನೆ, ನಾಳೆ ತಲುಪುತ್ತದೆ. ನಾನು ಬಾಯಿ ತೆರೆಯದಿದ್ದರೆ ನೀನು ಇದನ್ನು ತೆಗೆದು ನನ್ನ ಎದುರಿಗೇ ಗಟ್ಟಿಯಾಗಿ ಓದು. ಮಾವನ ಮಾನ ಎಂದೆಲ್ಲ ನೋಡಬೇಡ. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಓದು, ಯಾರಿಗೂ ಕೊಡಬೇಡ.

ಕ್ಷಮಿಸು ಎಂಬುದಕ್ಕೂ ಮೇಷ್ಟ್ರು ಒಳ್ಳೆಯ ಇಂಗ್ಲಿಷ್ ವಾಕ್ಯ ಕಲಿಸಿದ್ದರು. ಮರೆತುಹೋಗಿದೆ. ನೆನಪಿದ್ದರೂ ಬರೆಯುತ್ತಿರಲಿಲ್ಲ.

ಇಂತಿ,
ನಿನ್ನ ಮೇಲೆ ತಪ್ಪು ಹೊರಿಸಿ ಸುಮ್ಮನೆ ಕೂತ
ನಿನ್ನ ಮಾವ

ಮರೆತು ಬಿಟ್ಟದ್ದಲ್ಲ, ಬಚ್ಚಿಟ್ಟದ್ದು: ಲಕೋಟೆ ಅಂಟಿಸಿ ಕೊರಿಯರ್‌ನವನ ಬಾಗಿಲವರೆಗೆ ಹೋಗಿ ವಾಪಸು ಬಂದು ಬಿಚ್ಚಿದ್ದೇನೆ. ಮೇಲೆ ಒಂದು ಕಡೆ ಸುಳ್ಳು ಬರೆದಿದ್ದೇನೆ. ಪೂರ್ತಿ ಹರಿದು ಹೊಸದಾಗಿ ಬರೆಯಲು ಕೂತರೆ ಇದು ಇವತ್ತು ಹೊರಡುವುದಿಲ್ಲ. ಎರಡು ಗಂಟೆಗೆ ನಿನ್ನ ಕಣ್ಣೆದುರಿಗೆ ಏನೂ ಆಗಲಿಲ್ಲ. ಬೆಳಿಗ್ಗೆ ಹನ್ನೊಂದೂಕಾಲಿಗೆ, ಉರುಳಿದ ಸ್ಕ್ರೂ ಹುಡುಕಲು ನಾನು ಬೆನ್ನು ತಿರುಗಿಸಿ ಈ ಕಡೆ ತಿರುಗುವಷ್ಟರಲ್ಲಿ, ಡಬ್ಬಿಯ ಮುಚ್ಚಳದಲ್ಲಿ ಹನ್ನೊಂದೇ ಸೆಲ್ಲು ಇದ್ದವು. ಹನ್ನೆರಡನೆಯ ದೀಪವನ್ನು ಖಾಲಿಯೇ ಮುಚ್ಚಿ ಸಾಲಿನಲ್ಲಿ ಇಟ್ಟವನು ನಾನು. ನುಂಗಿದ್ದರೆ ನಾಳೆ ತಾನಾಗಿ ಹೊರಗೆ ಬರುತ್ತದೆ ಎಂದುಕೊಂಡೆ, ಹಲ್ಲು ಬರುತ್ತಿರಬೇಕು ಎಂದದ್ದು ಅದಕ್ಕೇ. ನುಂಗಿದ ಎರಡು ತಾಸಿನೊಳಗೆ ತಂದಿದ್ದರೆ ಇಷ್ಟು ಸುಡುತ್ತಿರಲಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು. ಅವತ್ತು ಆ ಖಾಲಿ ದೀಪ ಮುಚ್ಚುವ ಮುಂಚೆ ನಾನು ಚಾಪೆ ಮಗುಚಿ ಹುಡುಕುತ್ತಿದ್ದಾಗ ನೀನು ಬಂದು ಏನು ಹುಡುಕುತ್ತಿದ್ದೀರಿ ಎಂದು ಕೇಳಿದೆ. ಕನ್ನಡಕದ ಸ್ಕ್ರೂ ಎಂದೆ. ನೀನು ಒಲೆ ಸಣ್ಣ ಮಾಡಿ ಬಂದು, ಮಗುವನ್ನು ಕಂಕುಳಿಗೆ ಹಾಕಿಕೊಂಡು, ನನ್ನ ಜೊತೆ ನೆಲಕ್ಕೆ ಬಗ್ಗಿ ಮೂಲೆ ಮೂಲೆ ಹುಡುಕಿದೆ. ಅವಳ ಜೊಲ್ಲು ನಿನ್ನ ತೋಳಿನ ಮೇಲೆ ಇಳಿಯುತ್ತಿತ್ತು. ಅದನ್ನು ಒರೆಸಿಕೊಂಡು ನೀನು ನನಗೆ ಸಮಾಧಾನ ಹೇಳಿದೆ, 'ಮನೇಲೇ ಇರುತ್ತೆ ಬಿಡಿ ಮಾವ, ಎಲ್ಲಿ ಹೋಗುತ್ತೆ.'