ಹನ್ನೊಂದು ಕಿಲೋಮೀಟರು ರಸ್ತೆಗೆ ಎರಡು ಜೊತೆ ಬುಷ್

ರಸ್ತೆ ನಿರ್ವಹಣಾ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಮ್ಮ ಹಳ್ಳಿಯಿಂದ ಸರೋವರದ ದಂಡೆಯ ನೃತ್ಯಮಂಟಪಕ್ಕೆ ಹೋಗುವ ತಮ್ಮ ರಸ್ತೆ ಒಂದು ವರ್ಷದೊಳಗೆ ನನ್ನ ಹಳೇ ಕಾರಿನ ಎರಡು ಜೊತೆ ಬುಷ್ ತಿಂದು ಹಾಕಿದೆ. ಬುಷ್ ಎಂದರೆ ಚಕ್ರ ಹಿಡಿದಿರುವ ಕಬ್ಬಿಣದ ತೋಳಿನ ಕೀಲಿನಲ್ಲಿ ಕೂತು ಪೆಟ್ಟು ನುಂಗುವ, ರಬ್ಬರು ತುಂಬಿದ ಪುಟ್ಟ ಉಂಗುರ. ಕಚೇರಿಯ ಹೊಸ ಕಾರಿನಲ್ಲಿ ಓಡಾಡುವ ತಮಗೆ ಅದರ ಪರಿಚಯ ಇರಲಿಕ್ಕಿಲ್ಲ ಎಂದು ಹೇಳಿದೆ.

ಎರಡು ವರ್ಷದ ಹಿಂದೆ ತಾವು ಈ ರಸ್ತೆಯ ಡಾಂಬರು ಕೆರೆದು ಜಲ್ಲಿ ಹಾಸಿದಿರಿ. ಈಗ ಅದರ ಮೈಯೆಲ್ಲ ಅಲೆ ಅಲೆ. ಇಂಥ ಅಲೆಗಳಿಗೆ ನಮ್ಮ ಕಡೆ ಅಜ್ಜಂದಿರ ಕಾಲದಿಂದಲೂ ‘ಅಮಲ್ದಾರರ ಗುಂಗುರು ಕೂದಲು’ ಎನ್ನುತ್ತಾರೆ. ಅಮಲ್ದಾರರ ಮುಖ ಕಂಡವರಿಲ್ಲ, ಗುಂಗುರು ಮಾತ್ರ ನಿತ್ಯದರ್ಶನ. ದೂರು ಕೊಟ್ಟೆ. ‘ರಸ್ತೆಯ ಸ್ಥಿತಿಯು ಸಂಚಾರದ ಪ್ರಮಾಣಕ್ಕೆ ಅನುಗುಣವಾಗಿದೆ’ ಎಂದು ಉತ್ತರ ಬಂತು, ಜೊತೆಗೆ ‘ಏರುಪೇರು ರಸ್ತೆ’ ಎಂಬ ಫಲಕವೂ ಬಂತು. ನನ್ನ ಕಾರು ಅಂಗಳದಲ್ಲಿ ನಿಂತ ಮೇಲೆ ಸಂಚಾರ ಇನ್ನೂ ಕಡಿಮೆಯಾಗಿದೆ. ತಮ್ಮ ಲೆಕ್ಕದಲ್ಲಿ ರಸ್ತೆ ಈಗ ಮತ್ತಷ್ಟು ಸುಧಾರಿಸಿರಬೇಕಲ್ಲವೇ?

ಮೇ ತಿಂಗಳ ವಾರ್ಷಿಕ ವಾಹನ ತಪಾಸಣೆಯಲ್ಲಿ ಮೊದಲ ಜೊತೆ ಹೋಗಿದೆ ಎಂದರು. ಬದಲಾಯಿಸಲು ನನ್ನ ತಮ್ಮ ತೌನೊ ಬಂದ. ಹೊಸ ಬುಷ್ ಕುಗ್ಗಲಿ ಎಂದು ಫ್ರೀಜರಿನಲ್ಲಿ ಮೀನಿನ ಪಕ್ಕ ಇಟ್ಟ. ತೋಳಿನ ತೂತು ಹಿಗ್ಗಲಿ ಎಂದು ತೋಳುಗಳನ್ನು ಸೌನಾದ ಬಿಸಿ ಹಬೆಕೋಣೆಯಲ್ಲಿ ಮೇಲಿನ ಹಲಗೆಯ ಮೇಲೆ ಮಲಗಿಸಿದ. ತುಕ್ಕು ಹಿಡಿಯುತ್ತದೆಂದು ಅಂದು ಕಾದ ಕಲ್ಲಿಗೆ ಒಂದು ಸೌಟು ನೀರು ಹಾಕಲೂ ಬಿಡಲಿಲ್ಲ. ನನ್ನ ಗಂಡ, ಪುಣ್ಯಾತ್ಮ, ಬದುಕಿದ್ದಷ್ಟು ದಿನ ಇಷ್ಟು ಉಪಚಾರ ಕಂಡಿರಲಿಲ್ಲ. ಬುಷ್ ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯಿತು, ಕಾರು ಪಾಸಾಯಿತು.

ಜುಲೈ ಹೊತ್ತಿಗೆ ಮತ್ತೆ ‘ಟಕ್ ಟಕ್’ ಶುರು. ತಮ್ಮ ವಿಭಾಗದ ವಿರುದ್ಧ ಲಿಖಿತ ಸಾಕ್ಷಿ ಸಿಗುತ್ತದೆಂದು ಹಿಗ್ಗಿ, ಯಾರೂ ಕರೆಯದಿದ್ದರೂ ತೌನೊನನ್ನು ಕರೆದುಕೊಂಡು ತಪಾಸಣಾ ಕೇಂದ್ರಕ್ಕೆ ಹೋದೆ. ತಪಾಸಕರು ಕಾರಿನಡಿ ದೀಪ ಹಿಡಿದು ನೋಡಿ, ಬುಷ್ ಹರಿದಿದೆ, ಕಾರನ್ನು ಇನ್ನು ಮನೆ ತನಕ ಮಾತ್ರ ಓಡಿಸಿ ಎಂದು ಬರೆದುಕೊಟ್ಟರು. ಆಮೇಲೆ ಮೆಲ್ಲಗೆ ಕೇಳಿದರು.

“ಬೋಲ್ಟ್ ಬಿಗಿಯೋವಾಗ ಚಕ್ರ ನೆಲದ ಮೇಲಿತ್ತಾ, ಗಾಳೀಲಿತ್ತಾ?”

ತೌನೊ ತನ್ನ ಬೂಟಿನ ತುದಿ ನೋಡತೊಡಗಿದ. ಗಾಳಿಯಲ್ಲೇ ಇತ್ತು. ಹಾಗೆ ಬಿಗಿದರೆ, ಕಾರು ನೆಲಕ್ಕಿಳಿದ ಗಳಿಗೆಯಿಂದ ಒಳಗಿನ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದಂತೆ. ಸೌನಾ ಕಾಯಿಸಿದ ನಮ್ಮ ಜಾಣತನಕ್ಕೆ ಇಷ್ಟು ತಿಳಿಯದೇ ಹೋಯಿತು. ನನಗೆ ನಾಚಿಕೆಯಾಯಿತು. ಹಾಗಾದರೆ ರಸ್ತೆಯದ್ದೇನೂ ತಪ್ಪಿಲ್ಲವೇ ಎಂದು ಕೇಳಿ, ಯಾವ ರಸ್ತೆ ಎಂದು ಹೇಳಿದೆ. ತಪಾಸಕರು ದೀಪ ಆರಿಸಿದರು.

“ಆ ರಸ್ತೆನಾ? ಸರಿಯಾಗಿ ಬಿಗಿದಿದ್ರೆ ಬುಷ್ ಇನ್ನೊಂದು ಬೇಸಿಗೆ ತಡ್ಕೊಳ್ತಿತ್ತು, ಅಷ್ಟೇ.”

ಮೂರನೇ ಜೊತೆ ಈಗ ಫ್ರೀಜರಿನಲ್ಲಿದೆ. ಆದರೆ ರಸ್ತೆ ಸಮವಾಗುವ ತನಕ ಕೈ ಹಚ್ಚುವುದಿಲ್ಲ ಎಂದು ತೌನೊ ಹಟ ಹಿಡಿದಿದ್ದಾನೆ. ನನಗಾದರೋ ಮನೆಯಲ್ಲಿ ಕೂತು ಕಾಲುಚೀಲ ಹೆಣೆಯಲು ಬರುತ್ತದೆ. ಪಕ್ಕದ ಮನೆಯ ಲೆಂಪಿಯ ಕಥೆ ಬೇರೆ. ಆಕೆಗೆ ವಾರವಿಡೀ ಗೋಡೆಯೇ ನೆಂಟ. ಶನಿವಾರ ಮಾತ್ರ ಆಕೆ ಹಣೆಗೂದಲು ಸುರುಳಿ ಮಾಡಿಕೊಂಡು ನನ್ನ ಕಾರಿನ ಮುಂದಿನ ಸೀಟಿನಲ್ಲಿ ಕೂತು ಮಂಟಪಕ್ಕೆ ಬರುತ್ತಿದ್ದಳು. ಅಲ್ಲಿಗೆ ಬಸ್ಸಿಲ್ಲ. ಆಕೆ ಇಲ್ಲದೆ ಐದು ಶನಿವಾರ ಕಳೆದವು, ಬೇಸಿಗೆ ಮುಗಿದು ಮಂಟಪ ಮುಚ್ಚಲು ಇನ್ನು ಎರಡೇ ಉಳಿದಿವೆ. ಮುಂದಿನ ಬೇಸಿಗೆಗೆ ಹೋದರಾಯಿತು ಎಂದು ನಾನು ಸಮಾಧಾನ ಹೇಳಿದೆ.

“ನೀನು ಹೇಳ್ತೀಯ ಕಣೇ ಇರ್ಮೆಲಿ,” ಎಂದಳು ಲೆಂಪಿ. “ನಂಗೆ ಎಂಬತ್ನಾಲ್ಕು.”

ಆ ಮಾತು ಕೇಳಿ ಸಂಕಟವಾಯಿತು, ಆಮೇಲೆ ಸಿಟ್ಟು ಬಂತು, ಆ ಸಿಟ್ಟಿನಲ್ಲೇ ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಪಾಲಿನ ತಪ್ಪನ್ನು ಜಿಲ್ಲೆಗೆ ಜಿಲ್ಲೆಯೇ ಓದುವ ಈ ಪತ್ರಿಕೆಯ ವಾಚಕರ ಅಂಕಣದಲ್ಲಿ ಒಪ್ಪಿಕೊಂಡಿದ್ದೇನೆ. ತಮ್ಮ ಪಾಲಿನದ್ದಕ್ಕೆ ಒಪ್ಪಿಗೆ ಪತ್ರವೂ ಬೇಡ, ಬರುವ ಗುರುವಾರದೊಳಗೆ ರಸ್ತೆ ಸಮ ಮಾಡುವ ಯಂತ್ರ ಒಂದು ಸಲ ಹೋಗಿ ಬಂದರೆ ಸಾಕು. ಶುಕ್ರವಾರ ತೌನೊ, ಚಕ್ರ ನೆಲಕ್ಕಿಳಿಸಿಯೇ, ಬೋಲ್ಟ್ ಬಿಗಿಯುತ್ತಾನೆ.

ಯಂತ್ರಕ್ಕೆ ಪುರುಸೊತ್ತಿಲ್ಲವಾದರೆ ಶನಿವಾರ ಸಂಜೆ ಆರು ಗಂಟೆಗೆ ಸ್ವತಃ ತಾವೇ ಬಂದು, ಲೆಂಪಿಯನ್ನು ತಮ್ಮ ಕಾರಿನಲ್ಲಿ ಅದೇ ಗುಂಗುರಿನ ಮೇಲೆ ಕರೆದೊಯ್ಯಿರಿ. ಎಂಟರ ನಂತರ ಮಂಟಪದಲ್ಲಿ ಹೆಂಗಸರು ಗಂಡಸರನ್ನು ಕುಣಿತಕ್ಕೆ ಕರೆಯುವ ಸರದಿ. ಲೆಂಪಿ ನೇರ ತಮ್ಮ ಮುಂದೆ ಬಂದು ನಿಲ್ಲುತ್ತಾಳೆ. ಕರೆದ ಹೆಂಗಸಿಗೆ ಅಲ್ಲಿ ಯಾರೂ ‘ಒಲ್ಲೆ’ ಎನ್ನುವಂತಿಲ್ಲ, ಅರ್ಜಿ ಪರಿಶೀಲನೆಯಲ್ಲಿದೆ ಎನ್ನುವಂತೆಯೂ ಇಲ್ಲ.

ಇಂತಿ,
ಗಾಳಿಯಲ್ಲಿ ಬೋಲ್ಟ್ ಬಿಗಿದವನ ಅಕ್ಕ,
ಇರ್ಮೆಲಿ ಹೂಸ್ಕೊ
ನಿವೃತ್ತ ಶಾಲಾ ಅಡುಗೆಯವಳು