ಹೆದರದ ಎತ್ತಿಗೆ ಪೂರ್ತಿ ಅಂಕ

ಜನವರಿ 6, ಕಂಪ್ಲಿ
ಇವತ್ತು ಹದಿನಾಲ್ಕು ಜೋಡಿ. ನಮ್ಮ ಪ್ರಾಣಿ ಕ್ಷೇಮ ತಪಾಸಣೆಯ ಫಾರ್ಮಿನಲ್ಲಿ ಪಾಸಾದ ಎತ್ತುಗಳಿಗೆ ಮಾತ್ರ ಈ ಸಲ ಕಬ್ಬಿನ ಗಾಡಿ. ಮೈಕಟ್ಟು, ಗೊರಸು, ಹೆಗಲು, ಭಯ — ಒಂದೊಂದಕ್ಕೂ ಅಂಕ. ಎತ್ತಿಗೆ ಮಾರ್ಕು, ನನ್ನ ಸೊಂಟಕ್ಕೆ ಜರ್ಕು.

ಭಯದ ಪರೀಕ್ಷೆಗೆ ಎದುರಿನಿಂದ ಕೈಚಾಚಿ, ಸದ್ದಿಲ್ಲದೆ ನಡೆಯಬೇಕು. ದೂರದಲ್ಲೇ ಹಿಂದೆ ಸರಿದರೆ ಹೊಡೆತ ತಿಂದ ಎತ್ತು. ಓಬಳಪ್ಪನವರ ಎತ್ತು ಬಿಳಿಯ ಕದಲಲೇ ಇಲ್ಲ. ಮೂಗು ಮುಟ್ಟಿದಾಗ ಮಾತ್ರ ಬೆಚ್ಚಿತು. ನನ್ನ ಕೈ ತಣ್ಣಗಿತ್ತು...

"ಒಮ್ಮೆನೂ ಹೊಡೆದಿಲ್ಲೇನ್ರಿ?"

"ನಮ್ಮಾಕಿ ಪಕೀರಮ್ಮನ್ನ ಕೇಳ್ರಿ ಮೇಡಂ. ಗಂಡನ್ನ ಬೈತಾಳ, ಎತ್ತಿಗೆ ಬೈಯಂಗಿಲ್ಲ."

ಪೂರ್ತಿ ಅಂಕ. ಹೆಗಲು ಒಂದೇ ಕಡೆ ಜಡ್ಡುಗಟ್ಟಿತ್ತು. ವಾರಕ್ಕೊಮ್ಮೆ ಎಡಬಲ ಬದಲಿಸಿ ಕಟ್ಟಿ ಎಂದು ಬರೆದುಕೊಟ್ಟೆ.

"ಅವಕ್ಕ ರೂಢಿ ಇಲ್ರಿ."

"ಮಾಡಸ್ರಿ."

ಜನವರಿ 9, ಸಂಡೂರು
ವಡ್ಡು ಊರಿನ ಎಮ್ಮೆಗಳೆಲ್ಲ ಗಣಿ ಧೂಳಿಗೆ ಅದಿರಿನ ಬಣ್ಣ. ಒರೆಸಿದರೆ ಕಪ್ಪು. ಬಸ್ಸಿನಲ್ಲಿ ನಿಂತೇ ಬಂದೆ.

ಜನವರಿ 17, ಕಂಪ್ಲಿ, ಬೆಳಿಗ್ಗೆ 11
ಬಿಳಿಯ ಬಿದ್ದಿದೆ. ಸದಾ ಬಲಕ್ಕೆ ಕಟ್ಟುತ್ತಿದ್ದವರು ನನ್ನ ಚೀಟಿ ನೋಡಿ ನಿನ್ನೆ ಎಡಕ್ಕೆ ಕಟ್ಟಿದ್ದಾರೆ. ಎಡಕ್ಕೆ ಕಾಲುವೆ. ಅಂಚು ದಾಟಿ ಕಾಲಿಟ್ಟಿದೆ. ಮೊಣಕಾಲು ಒಡೆದಿದೆ.

"ಎರಡೂ ಕಣ್ಣು ಕಾಣಂಗಿಲ್ರಿ ಅದಕ್ಕ," ಓಬಳಪ್ಪ ನೆಲ ನೋಡುತ್ತ ಹೇಳಿದರು. "ಎಡಪಕ್ಕೆಗೆ ಜೋಡಿ ಎತ್ತು ತಾಕಿದ್ರ ಸೀದಾ ನಡೀತಿತ್ತು."

"ಮೊದಲ ಯಾಕ ಹೇಳಲಿಲ್ಲ?"

"ಹೇಳಿದ್ರ ಪಾಸ್ ಮಾಡ್ತಿದ್ರೇನು?"

ಇಲ್ಲ. ಹೆದರಲಿಲ್ಲ ಎಂದು ಅಂಕ ಕೊಟ್ಟೆ. ಕಾಣಲಿಲ್ಲ ಎನ್ನುವುದನ್ನೇ ಬಿಟ್ಟೆ. ಪ್ರಾಸ ಕೂಡಿತು. ನಗು ಬರಲಿಲ್ಲ.

ಜನವರಿ 18
ಸೂಪರ್‌ವೈಸರ್ ಹಾಲೇಶರ ಫೋನು. "ಹಳೇ ಫಾರ್ಮ್ ಹಂಗ ಇರಲಿ ಬಿಡ್ರಿ. ಬಿದ್ದಿದ್ದು ಆಕ್ಸಿಡೆಂಟ್." ನೋಡೋಣ ಎಂದು ಫೋನು ಇಟ್ಟೆ. ಸುಸ್ತು.

ಜನವರಿ 21, ಕಂಪ್ಲಿ
ಹೊಸ ಫಾರ್ಮ್ ಒಯ್ದೆ. ದೃಷ್ಟಿ: ಇಲ್ಲ. ಗಾಡಿಗೆ: ಬೇಡ. ಬರೆಯುವಾಗ ಬಿಳಿಯ ನನ್ನ ಸೀರೆಯ ಸೆರಗು ಮೂಸುತ್ತಿತ್ತು. ಕೊನೆಯ ಕಾಲಂ — ಮಾಲೀಕರು ಎತ್ತನ್ನು ಮುಂದೇನು ಮಾಡುವರು?

"ಕಟ್ಟಿ ಮೇಯಸ್ತೀವಿ ಅಂತ ಬರೀರಿ," ಎಂದರು ಪಕೀರಮ್ಮ.

"ಯಾತರಿಂದ ಮೇಯಸ್ತೀಯ? ಸಂತಿಗೆ ಹೊಡೀತೀವಿ ಅಂತ ಬರೀರಿ ಮೇಡಂ," ಎಂದರು ಓಬಳಪ್ಪ.

"ನಿನ್ನನ್ನ ಹೊಡೀತೀನಿ ಸಂತಿಗೆ!"

ಇಬ್ಬರೂ ನನ್ನ ಪೆನ್ನನ್ನೇ ನೋಡುತ್ತಿದ್ದರು. ನಾನು ಬರೆದದ್ದು — ಕಟ್ಟಿ ಮೇಯಿಸುವರು.