ನಿನ್ನ ಮಾತ್ರೆ ನಾನು ನುಂಗಿದ ದಿನ

ಅಂಗಡಿಯಿಂದ,
ಹದಿನಾಲ್ಕನೇ ತಾರೀಕು, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ನಿದ್ದೆ ಸರಿಯಾಗಿ ಬರುತ್ತಿದೆಯಾ? ಕೂತಲ್ಲೇ ಮೊಣಕಾಲು ಕುಣಿಯುತ್ತಿತ್ತಲ್ಲ, ಅದು ನಿಂತಿತಾ? ಚಿಕ್ಕಮ್ಮನನ್ನು ಕೇಳಿದರೆ "ಉಣ್ತಾನೆ, ಮಲಗ್ತಾನೆ, ಮಾತು ಕಮ್ಮಿ" ಅಂತ ಮೂರೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ನಾನು ಚೆನ್ನಾಗಿದ್ದೇನೆ, ಸೊಂಟ ಒಂದು ಬಿಟ್ಟು. ಹೊಲಿಗೆ ಮಿಷನ್ನಿಗೆ ಹೊಸ ಬೆಲ್ಟ್ ಹಾಕಿಸಿದೆ. ನೀನು ಅಂಗಡಿ ಬಿಟ್ಟು ಚಿಕ್ಕಮ್ಮನ ಮನೆಗೆ ಹೋಗಿ ಎರಡು ತಿಂಗಳಾಯಿತು, ನನ್ನ ಜೊತೆ ಒಂದು ಮಾತೂ ಆಡಿಲ್ಲ. ಆಡಬೇಕು ಅನ್ನಿಸುವ ಹಾಗೆ ನಾನೂ ನಡೆದುಕೊಳ್ಳಲಿಲ್ಲ ಬಿಡು. ಮುಂದಿನ ಗುರುವಾರ ನಿನ್ನ ಡಾಕ್ಟರನ್ನು ನೋಡುವ ದಿನ. ಹೋದ ಸಲ ನೀನು ಬರಲಿಲ್ಲ. ಈ ಸಲ ಬರಲೇಬೇಕು, ಅದಕ್ಕೇ ಈ ಕಾಗದ. ಅರ್ಧಕ್ಕೆ ಬಿಸಾಡಬೇಡ.

ಹೋದ ತಿಂಗಳು ಕೋಟಿನ ತೋಳು ಗಿಡ್ಡ ಮಾಡಿಸಲು ಒಬ್ಬರು ಡಾಕ್ಟರಮ್ಮ ಬಂದಿದ್ದರು. ನೀನು ನುಂಗುವ ಜಾತಿಯ ಮಾತ್ರೆಗಳು ಮಿದುಳಿನಲ್ಲಿ ರಕ್ತ ಹರಿಯುವುದನ್ನು ಹೇಗೆ ಬದಲಿಸುತ್ತವೆ ಅಂತ ಅವರು ಸಂಶೋಧನೆ ಮಾಡುತ್ತಿದ್ದಾರಂತೆ. ಕಾಯಿಲೆ ಇಲ್ಲದವರೂ ಕೆಲವರು ಬೇಕಂತೆ. ಒಂದು ದಿನ ಸುಳ್ಳು ಮಾತ್ರೆ, ಇನ್ನೊಂದು ದಿನ ನಿಜವಾದದ್ದು, ಯಾವುದು ಯಾವಾಗ ಅಂತ ಹೇಳುವುದಿಲ್ಲ. ನುಂಗಿ ಎರಡು ಗಂಟೆ ಬಿಟ್ಟು ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿದರೆ ಆಯಿತು. ನಾನು ಬರುತ್ತೇನೆ ಅಂದೆ. ಪರೋಪಕಾರಕ್ಕಲ್ಲ ಕಣೋ. ಒಂದು ಮಾತ್ರೆಗೆ ಮನುಷ್ಯ ಮರದ ದಿಮ್ಮಿಯಂತೆ ಕೂತುಬಿಡುತ್ತಾನಾ, ನೋಡೇಬಿಡೋಣ, ನಿನ್ನ ನಾಟಕ ಬಯಲಿಗೆ ಎಳೆಯೋಣ ಅಂತ ಹೋದೆ. ನಿನ್ನ ಅಕ್ಕನ ಬುದ್ಧಿ ನಿನಗೆ ಗೊತ್ತಲ್ಲ.

ಮೊದಲನೇ ದಿನ ಏನೂ ಆಗಲಿಲ್ಲ. ಗೆದ್ದೆ ಅಂದುಕೊಂಡು ಮನೆಗೆ ಬಂದೆ. ಎರಡನೇ ದಿನ ಕಾಯುವ ಹೊತ್ತಿಗೆ ಇರಲಿ ಅಂತ ಒಂದು ಕರವಸ್ತ್ರ, ಸೂಜಿದಾರ ಚೀಲದಲ್ಲಿ ಹಾಕಿಕೊಂಡಿದ್ದೆ. ಸೂಜಿಗೆ ದಾರ ಪೋಣಿಸಿದೆ, ಅಂಚು ಮಡಿಸಿದೆ, ಅಲ್ಲಿಗೇ ನಿಂತಿತು. ನೋವಿಲ್ಲ, ಅಂಥಾ ನಿದ್ದೆಯೂ ಇಲ್ಲ. ಹೊಲಿಯಬೇಕು ಅನ್ನುವುದೇ ಒಳಗಿನಿಂದ ಬರಲಿಲ್ಲ. ಬಾಯಾರಿತ್ತು, ನೀರಿನ ಲೋಟ ಎದುರಿಗೇ ಇತ್ತು, ನೋಡುತ್ತಾ ಕೂತೆ. ನರ್ಸ್ ನನ್ನ ಹುಟ್ಟಿದ ದಿನ ಕೇಳಿದಳು. ಗೊತ್ತು, ಆದರೆ ಅದನ್ನು ನಾಲಿಗೆವರೆಗೆ ತರುವಷ್ಟರಲ್ಲಿ ಅವಳೇ ಚೀಟಿ ನೋಡಿ ಬರೆದುಕೊಂಡಳು. ಆಗ ನಿನ್ನ ನೆನಪಾಯಿತು. ಕಾಜಾ ತೆಗೆದು ಬಟನ್ ಹಚ್ಚುವ ಮೇಜಿನ ಮುಂದೆ ಒಂದೇ ಅಂಗಿ ಹಿಡಿದು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತಿದ್ದೆಯಲ್ಲ, ಆ ದಿನ ನೀನು "ಕೈ ಇದೆ ಅಕ್ಕಾ, ಹೊರಡ್ತಾ ಇಲ್ಲ" ಅಂದೆ. ಗಿರಾಕಿಗಳೆದುರೇ ನಾನು "ಹೊರಡೋಕೆ ಅದೇನು ಬಸ್ಸಾ? ಮೈಗಳ್ಳ!" ಅಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಾರನೇ ದಿನ ನೀನು ಬಟ್ಟೆಗಂಟು ಕಟ್ಟಿಕೊಂಡು ಹೋದೆ. ಆ ಆಸ್ಪತ್ರೆಯ ಕುರ್ಚಿಯಲ್ಲಿ ಅಳು ಬರಬೇಕಿತ್ತು ನನಗೆ, ಅದೂ ಬರಲಿಲ್ಲ. ಅದಾಗಿ ಮೂರನೇ ದಿನ ಅಂಗಡಿಯಲ್ಲಿ ಇಸ್ತ್ರಿ ಮಾಡುವಾಗ ಬಂತು, ಗಿರಾಕಿಯ ಪ್ಯಾಂಟೆಲ್ಲ ಒದ್ದೆ.

ಆಮೇಲೆ ಒಂದು ದಿನ ಡಾಕ್ಟರಮ್ಮ ಎರಡು ಚಿತ್ರ ಪಕ್ಕಪಕ್ಕ ಇಟ್ಟು ತೋರಿಸಿದರು. ನಿಜವಾದ ಮಾತ್ರೆ ನುಂಗಿದ ದಿನ ತಲೆಯ ನಟ್ಟನಡುವೆ, ಆಳದಲ್ಲಿ, ರಕ್ತ ಹೆಚ್ಚು ಹರಿದಿತ್ತು. ಹಣೆಯ ಹಿಂದೆ ಒಂಚೂರು ಕಡಿಮೆ. ಕೈಕಾಲಿನ ಚಲನೆಗೂ, ಏನಾದರೂ ಬೇಕು ಅನ್ನಿಸುವುದಕ್ಕೂ ಆ ನಡುವಿನ ಜಾಗಕ್ಕೂ ನಂಟಿದೆಯಂತೆ. ಒಂದು ತಲೆ, ಒಂದು ದಿನ, ಇದರಿಂದ ದೊಡ್ಡ ತೀರ್ಮಾನಕ್ಕೆ ಬರಬೇಡಿ, ದಿನವೂ ನುಂಗುವವರಲ್ಲಿ ಬೇರೆ ಥರ ಇರಬಹುದು ಅಂತಲೂ ಎಚ್ಚರಿಸಿದರು. ಮಾತ್ರೆ ಶತ್ರು ಅಂತ ನಾನೂ ಹೇಳುತ್ತಿಲ್ಲ. ಅದು ಬರುವ ಮುಂಚೆ ನೀನು ಕಿಟಕಿಗೆಲ್ಲ ಲೈನಿಂಗ್ ಬಟ್ಟೆ ಹೊಡೆದು, ನಿನಗೊಬ್ಬನಿಗೇ ಕೇಳುತ್ತಿದ್ದ ಆ ದನಿಗಳಿಗೆ ಹೆದರಿ ಮೂಲೆಯಲ್ಲಿ ಮುದುರಿ ಕೂತಿದ್ದನ್ನು ನಾನು ಮರೆತಿಲ್ಲ. ಅದಕ್ಕೇ, ನಿನ್ನಷ್ಟಕ್ಕೆ ನೀನೇ ನಿಲ್ಲಿಸಬೇಡ. ಎಷ್ಟು ಬೇಕು, ಎಷ್ಟು ಸಾಕು ಅಂತ ಡಾಕ್ಟರ ಹತ್ತಿರ ಕೂತು ಮಾತಾಡು.

ಇನ್ನೊಂದು ವಿಷಯ, ಬೈದುಕೋ. ಸಂಶೋಧನೆಯವರ ಫಾರಂನಲ್ಲಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ಕಾಯಿಲೆ ಇದೆಯೇ ಅಂತ ಕೇಳಿದ್ದರು. ಇದೆ ಅಂದರೆ ಸೇರಿಸಿಕೊಳ್ಳುವುದಿಲ್ಲ. ನಾನು "ಇಲ್ಲ" ಅಂತ ಗೀಚಿದೆ. ತಮ್ಮನೇ ಇಲ್ಲ ಅಂತ ಬರೆದುಕೊಟ್ಟ ಹಾಗಾಯಿತಲ್ಲವೇನೋ? ಚಿತ್ರ ನೋಡಿದ ಮೇಲೆ ತಡೆಯಲಾರದೆ ಹೇಳಿಬಿಟ್ಟೆ. ಡಾಕ್ಟರಮ್ಮನ ಮುಖ ಕೆಂಪಗಾಯಿತು. ನಿಮಗೆ ಆ ಮಾತ್ರೆ ಕೊಡಲೇಬಾರದಿತ್ತು, ನಿಮ್ಮ ಚಿತ್ರಗಳನ್ನು ಲೆಕ್ಕದಿಂದ ತೆಗೆಯಬೇಕು ಅಂದರು. ಬೈಸಿಕೊಂಡು ಬಂದೆ, ಬೇಕಾಗಿತ್ತು ನನಗೆ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು. ಅವರ ರವಿಕೆ ಅಳತೆ ಹಳೆಯದೇ ಆದೀತಾ ಕೇಳು. ಹೊಟ್ಟೆ ತುಂಬ ಉಣ್ಣು, ಮೈ ಬೆಚ್ಚಗಿಟ್ಟುಕೋ. ನೂರು ಕಾಲ ಬಾಳು.

ಇಂತಿ,
ನಿನ್ನ ಬಾಯಿಬಡುಕಿ ಅಕ್ಕ

ತಾ.ಕ.: ಕಾಗದ ಮಡಿಸಿಯಾಗಿತ್ತು, ಮತ್ತೆ ಬಿಚ್ಚಿದೆ. ನಾಲ್ಕು ತಿಂಗಳ ಹಿಂದೆ ಆ ದೊಡ್ಡ ಗಿರಾಕಿಗೆ ನೀನು "ಕೋಟಿನ ಭುಜ ಎಳೀತಿದೆ, ಅಕ್ಕ ಅವಸರದಲ್ಲಿ ಕತ್ತರಿಸಿದ್ದಾಳೆ" ಅಂದೆಯಲ್ಲ, ನೀನು ಹೇಳಿದ್ದು ಸರಿಯಿತ್ತು. ಅಷ್ಟು ಹುಷಾರಾಗಿದ್ದೆ ನೀನು. ನನಗೆ ಅವಮಾನವಾಗಿ ಮೈಯೆಲ್ಲ ಉರಿಯಿತು. ಆ ವಾರ ಆಸ್ಪತ್ರೆಯಲ್ಲಿ ನೀನು ರಕ್ತ ಪರೀಕ್ಷೆಗೆ ಒಳಗೆ ಹೋದಾಗ, ಇವನಿಗೆ ಮತ್ತೆ ದನಿಗಳು ಕೇಳುತ್ತಿವೆ, ಒಬ್ಬನೇ ಮಾತಾಡಿಕೊಳ್ಳುತ್ತಾನೆ ಅಂತ ಡಾಕ್ಟರಿಗೆ ನಾನೇ ಹೇಳಿದೆ. ಸುಳ್ಳು. ಅವತ್ತೇ ನಿನ್ನ ಮಾತ್ರೆ ಎರಡರಷ್ಟಾಯಿತು. ನಿನ್ನ ಕೈ ನಿಲ್ಲಿಸಿದವಳೂ ನಾನೇ, ಮೈಗಳ್ಳ ಅಂದವಳೂ ನಾನೇ. ನಿನ್ನೆ ನಿನ್ನ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ರೋಗಿಯನ್ನೇ ಕೇಳಬೇಕಿತ್ತು, ತಪ್ಪು ನಂದೂ ಇದೆ ಅಂದರು. ಗುರುವಾರ ಹತ್ತು ಗಂಟೆಗೆ. ಒಳಗೆ ನೀನೊಬ್ಬನೇ ಹೋಗು, ನಾನು ಬರುವುದಿಲ್ಲ.